ಬಗ್ಗಿದರೆ ಪಾಸು, ಬಿರಿದರೆ ಫೇಲು

ಗರಗಸದ ದನಿ ಬದಲಾಯಿತು, ಅಂದರೆ ಅದರ ಹಲ್ಲು ಈಗ ಬೆಸುಗೆಗೆ ತಾಗಿದೆ, ಬರಿಯ ಕಬ್ಬಿಣವನ್ನು ಕೊಯ್ಯುವಾಗ ಅದು ಗೊರಕೆ ಹೊಡೆಯುತ್ತದೆ, ಬೆಸುಗೆಗೆ ಬಂದ ಕೂಡಲೇ ಹಲ್ಲು ಕಡಿಯುತ್ತದೆ, ಈ ಮುಚ್ಚಿದ ಬಾಗಿಲಿನ ಆಚೆ ಅವನು ನನ್ನ ಪ್ಲೇಟನ್ನು ಕೊಯ್ಯುತ್ತಿದ್ದಾನೆ — ಕೊಯ್ಯಲಿ, ಬೆಳಿಗ್ಗೆಯಿಂದ ಮುಖಕ್ಕೆ ಹೆಲ್ಮೆಟ್ಟು ಇಳಿಸಿಕೊಂಡು, ಕುತ್ತಿಗೆ ನೆಟ್ಟಗಾಗದ ಹಾಗೆ ಕೂತು, ಕಬ್ಬಿಣದ ಎರಡು ಪ್ಲೇಟನ್ನು ವೆಲ್ಡಿಂಗ್ ಮಾಡಿ ಒಂದು ಮಾಡಿದ್ದೇನೆ, ಈಗ ಅವನು ಅದನ್ನು ನಾಲ್ಕು ಪಟ್ಟಿ ಮಾಡುತ್ತಾನೆ, ಒಂದೊಂದು ಪಟ್ಟಿಯನ್ನೂ ಯಂತ್ರದ ಬಾಯಿಗಿಟ್ಟು ಕುದುರೆ ಲಾಳದ ಹಾಗೆ ಬಗ್ಗಿಸುತ್ತಾನೆ, ಬಗ್ಗಿದರೆ ಪಾಸು, ಬೆಸುಗೆ ಬಿರಿದರೆ ಫೇಲು, ಇಷ್ಟೇ, ಇದಕ್ಕೆ ಶಿಫಾರಸು ಬೇಡ, ಸಿಹಿ ಮಾತು ಬೇಡ, ಆದರೂ ಎರಡು ಸಲ ನನ್ನ ಬೆಸುಗೆ ಬಿರಿದಿದೆ, ಇದು ಮೂರನೆಯದು, ಇದೇ ಕೊನೆಯದು ಅಂತಲೂ ಹೇಳಿದ್ದಾನೆ, ಮೂರು ಸಲ ಬಿರಿದವರನ್ನು ಮತ್ತೆ ಈ ಬಾಗಿಲೊಳಗೆ ಬಿಡುವುದಿಲ್ಲವಂತೆ, ಅವರಪ್ಪನ ಮನೆ ಬಾಗಿಲು ನೋಡು. ಗಂಟುಮೋರೆ ಅಂತ ನಾನಿಟ್ಟ ಹೆಸರು, ಈ ಪರೀಕ್ಷೆ ಮಾಡುವ ಸಾಹೇಬನಿಗೆ ಇನ್ನೇನು ಹೆಸರು ಬೇಕು, ಹುಬ್ಬು ಗಂಟು ಹಾಕಿಕೊಂಡೇ ಹುಟ್ಟಿರಬೇಕು, ಹೆತ್ತವಳು ಬೆಚ್ಚಿಬಿದ್ದಿರಬೇಕು — ಬೆಂಚು ಯಾಕೆ ಅಲ್ಲಾಡುತ್ತಿದೆ, ಇವನು, ಪಕ್ಕದಲ್ಲಿ ಕೂತ ದಡೂತಿ, ಕಾಲು ಕುಣಿಸುತ್ತಿದ್ದಾನೆ, ಬೆಂಚಿನ ಒಂದು ಕಾಲು ಗಿಡ್ಡ, ಅವನ ಕಾಲು ಕುಣಿದರೆ ನನ್ನ ದವಡೆ ಕುಣಿಯುತ್ತದೆ, ಬಂದು ಕೂತವನೇ ಕೇಳಿದ, ಏನಕ್ಕಾ, ಯಜಮಾನ್ರು ಒಳಗಿದ್ದಾರಾ, ಯಜಮಾನರು ಮಣ್ಣೊಳಗಿದ್ದಾರಪ್ಪ ಅನ್ನುವ ಮಾತು ನಾಲಿಗೆ ತುದಿಗೆ ಬಂತು, ನುಂಗಿದೆ, ಒಳಗಿರೋದು ನನ್ನ ಪ್ಲೇಟು ಅಂದೆ, ಅವನು ನನ್ನ ಕೈ ನೋಡಿದ, ಮೊಣಕೈವರೆಗಿನ ಸುಟ್ಟ ಚುಕ್ಕೆ ನೋಡಿದ, ಓ ಅಂದ, ಆ ಓ ಎಷ್ಟುದ್ದ ಇತ್ತೆಂದರೆ ಅದರ ಮೇಲೆ ಬಟ್ಟೆ ಒಣಹಾಕಬಹುದಿತ್ತು, ಆಮೇಲೆ ಕೇಳದೆ ಸಮಾಧಾನ ಹೇಳಲು ಶುರು ಮಾಡಿದ, ಹೆಂಗಸರಿಗೆ ಇದೆಲ್ಲ ಕಷ್ಟ ಅಕ್ಕಾ, ನಮ್ಮ ಚಿಕ್ಕಪ್ಪನ ಮಗಳೂ ಏನೋ ಕಲೀತೀನಿ ಅಂತ ಹೋಗಿ ಅರ್ಧಕ್ಕೇ ಬಿಟ್ಬಿಟ್ಲು — ಅವಳು ಬಿಟ್ಟರೆ ನಾನೂ ಬಿಡಬೇಕೇ, ಅವಳ ಚಪ್ಪಲಿ ನನ್ನ ಕಾಲಿಗೆ ಯಾಕೆ ತೊಡಿಸುತ್ತೀಯ, ಇವನ ಪ್ಲೇಟು ಮಧ್ಯಾಹ್ನದ ಮೇಲೆ, ಇವನದು ಬಿರಿಯಲಿ, ಅಡ್ಡಡ್ಡ ಬಿರಿಯಲಿ, ಹೀಗೆ ಅಂದುಕೊಂಡದ್ದಕ್ಕೆ ನನಗೆ ಒಂದಿಷ್ಟೂ ನಾಚಿಕೆಯಿಲ್ಲ.

ಬಾಯ್ಲರ್ ಕಾರ್ಖಾನೆಯವರು ಒಂದು ಜಾಗ ಇಟ್ಟಿದ್ದಾರೆ, ಇವತ್ತು ಆಫೀಸು ಮುಚ್ಚುವವರೆಗೆ ಮಾತ್ರ, ಪಾಸಾಗಿ ಹೋದರೆ ನನ್ನದು, ಇಲ್ಲದಿದ್ದರೆ ಆಗಲೇ ಇನ್ನೊಬ್ಬನನ್ನು ನೋಡಿಟ್ಟುಕೊಂಡಿದ್ದಾರೆ, ಸಿಕ್ಕರೆ ನನಗೊಂದು ಸಂಬಳ, ಒಂದು ಕೋಣೆ, ಕೋಣೆಗೊಂದು ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ, ಸಿಗದಿದ್ದರೆ ಅಣ್ಣನ ಮನೆಯ ಮೆಟ್ಟಿಲ ಕೆಳಗಿನ ಆ ಮೂಲೆ, ಅತ್ತಿಗೆಯ ಹಳೆ ಟ್ರಂಕುಗಳ ಪಕ್ಕದಲ್ಲಿ ನಾನೂ ಒಂದು ಟ್ರಂಕು, ಅಲ್ಲೇ ಕೂದಲು ಬೆಳ್ಳಗಾಗಬೇಕು. ಆ ಕಾರ್ಖಾನೆಯ ಆಫೀಸಿಗೆ ಮೊದಲ ಸಲ ಹೋದಾಗ ಟೈ ಕಟ್ಟಿದವನು ನನ್ನ ಹೆಗಲಿನ ಮೇಲಿಂದ ಹಿಂದೆ ಇಣುಕಿದ, ಯಾರನ್ನ ಕರ್ಕೊಂಡು ಬಂದಿದೀರಿ ಅಂದ, ನನ್ನನ್ನೇ ಕರ್ಕೊಂಡು ಬಂದಿದೀನಿ ಅಂದೆ, ನಕ್ಕ, ಹಲ್ಲು ಎಷ್ಟು ಚೆನ್ನಾಗಿತ್ತು ಅಂದರೆ ಒಂದಾದರೂ ಉದುರಿಸಬೇಕು ಅನ್ನಿಸಿತು, ಕ್ಯಾಂಟೀನಿನಲ್ಲಿ ಜಾಗ ಇದೆಯಮ್ಮ, ಕೂತು ಮಾಡೋ ಕೆಲಸ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ, ಅಂದ, ನನ್ನ ಒಳ್ಳೆಯದಕ್ಕೆ ಹೇಳುವವರು ಈ ಊರಲ್ಲಿ ಎಷ್ಟು ಜನ, ದಾರಿಯಲ್ಲಿ ಕಾಲಿಗೆ ಸಿಗುತ್ತಾರೆ, ನಾನು ಕ್ಯಾಂಟೀನು ಕೇಳಲಿಲ್ಲ ಅಂದದ್ದಕ್ಕೆ ಮುಖ ಹುಳ್ಳಗೆ ಮಾಡಿದ, ವೆಲ್ಡಿಂಗ್ ಪರೀಕ್ಷೆ ಪಾಸಾಗಿ ಬನ್ನಿ ನೋಡೋಣ ಅಂದ, ಅಂದರೆ ಈ ಜನ್ಮದಲ್ಲಿ ಬರಬೇಡ ಅಂತ. ಹೋದೆ, ಫೇಲಾದಾಗಲೂ ಹೋದೆ, ಮತ್ತೆ ಪರೀಕ್ಷೆಗೆ ಕೂರ್ತೀನಿ, ಜಾಗ ಇಟ್ಟಿರಿ ಅಂತ ಹೇಳಿಬರಲು ಹೋದೆ, ಗೇಟಿನ ಕಾವಲಿನವನು ನನ್ನನ್ನು ಕಂಡರೆ ಬೆನ್ನು ಮಾಡಿ ಕುರ್ಚಿ ತಿರುಗಿಸಿಕೊಳ್ಳುತ್ತಿದ್ದ, ಸಾಹೇಬ್ರು ಮೀಟಿಂಗಿನಲ್ಲಿದ್ದಾರೆ ಅನ್ನುತ್ತಿದ್ದ, ಗಾಜಿನ ಆಚೆ ಟೈ ಕಾಣುತ್ತಿತ್ತು, ನಾನು ನಿಂತೇ ಇರುತ್ತಿದ್ದೆ, ನಿಲ್ಲುವುದು ನನಗೆ ಗೊತ್ತು, ಶೆಡ್ಡಿನಲ್ಲಿ ದಿನವಿಡೀ ನಿಂತ ಕಾಲು, ಒಂದು ದಿನ ಅವನೇ ಬೇಸತ್ತು ಹೊರಗೆ ಬಂದ, ಅಮ್ಮಾ ನೀವು ಜಿಗಣೆ ಇದ್ದ ಹಾಗಿದೀರಿ ಅಂದ, ನನಗೆ ಅದುವರೆಗೆ ಯಾರೂ ಅಷ್ಟು ಸರಿಯಾದ ಮಾತು ಹೇಳಿರಲಿಲ್ಲ.

ಮೊದಲ ಸಲ ಬಿರಿದದ್ದು ನನ್ನ ಆತುರಕ್ಕೆ, ಅದನ್ನು ಒಪ್ಪುತ್ತೇನೆ, ಬೆಸುಗೆ ಮುಗಿದಿತ್ತು, ಪ್ಲೇಟು ಇನ್ನೂ ಕೆಂಪು ಹೋಗಿ ನೀಲಿಗೆ ತಿರುಗುತ್ತಿತ್ತು, ಉಳಿದವರೆಲ್ಲ ಮುಗಿಸಿ ಕೈ ಒರೆಸಿಕೊಂಡು ನಿಂತು ನನ್ನನ್ನೇ ನೋಡುತ್ತಿದ್ದರು, ಬೇಗ ಆಗ್ಲಮ್ಮ ಅಂದ ಗಂಟುಮೋರೆ, ಪಕ್ಕದಲ್ಲಿ ನೀರಿನ ಬಕೆಟ್ಟು, ಇಕ್ಕಳದಲ್ಲಿ ಹಿಡಿದು ಅದ್ದಿಬಿಟ್ಟೆ, ಚುಂಯ್ ಅಂತ ಇಡೀ ಹಾಲ್ ಕೇಳುವ ಹಾಗೆ ಸದ್ದು, ಸುಡುವ ಬೆಸುಗೆಗೆ ನೀರು ತೋರಿಸಿದರೆ ಅದು ಗಾಜಿನ ಹಾಗೆ ಗಡುಸಾಗುತ್ತದೆ, ಬಗ್ಗು ಅಂದರೆ ಬಗ್ಗುವುದಿಲ್ಲ, ಸಿಡಿಯುತ್ತದೆ, ಮೊದಲ ಪಟ್ಟಿಯೇ ಎರಡು ತುಂಡಾಗಿ ನೆಲಕ್ಕೆ ಬಿತ್ತು. ಬಿದ್ದದ್ದು ಬಿತ್ತು, ಅಷ್ಟಕ್ಕೆ ಬಿಡಬಹುದಿತ್ತಲ್ಲ, ಬಿಡಲಿಲ್ಲ, ತುಂಡನ್ನು ಎತ್ತಿ ತಂತಿ ಕಟ್ಟಿ ಈ ಬಾಗಿಲ ಹೊರಪಕ್ಕದ ಮೊಳೆಗೆ ನೇತುಹಾಕಿದ, ನೀರಿಗದ್ದಿದರೆ ಏನಾಗುತ್ತೆ ಅಂತ ಬರೋರೆಲ್ಲ ನೋಡಲಿ ಅಂದ, ಅದು ಈಗಲೂ ಅಲ್ಲೇ ಇದೆ, ತುಕ್ಕು ಹಿಡಿದಿದೆ, ಈ ದಡೂತಿ ಬೆಂಚಿಗೆ ಬರುವಾಗ ಅದನ್ನು ಬೆರಳಲ್ಲಿ ತಟ್ಟಿ ತೂಗಿಸಿದ, ಯಾವನೋ ದಡ್ಡ ಅಂದ, ದಡ್ಡ ಅಲ್ಲ ಕಣೋ, ದಡ್ಡಿ, ನಿನ್ನ ಪಕ್ಕದಲ್ಲೇ ಕೂತಿದ್ದಾಳೆ. ಆ ದಿನ ಮನೆಗೆ ಹೋದಾಗ ಅತ್ತಿಗೆ ಏನಾಯ್ತು ಅಂತ ಕೇಳಲಿಲ್ಲ, ನನ್ನ ಮುಖ ನೋಡಿದಳು, ತಿರುಗಿ ಪಾತ್ರೆ ತೊಳೆಯುತ್ತ ಅಂದಳು, ನನಗಂತೂ ಮೊದಲೇ ಗೊತ್ತಿತ್ತಮ್ಮ, ಇನ್ನು ಮೇಲಾದರೂ ಕೈಗೆ ಸ್ವಲ್ಪ ಎಣ್ಣೆ ಹಚ್ಚಿಕೋ, ಕಬ್ಬಿಣದ ವಾಸನೆ ಹೋಗಲಿ, ಯಾರಾದರೂ ನೋಡೋಕೆ ಬಂದರೆ ಚೆನ್ನಾಗಿರಲ್ಲ, ನನ್ನನ್ನು ನೋಡಲಿಕ್ಕೆ ಬರುವವರಂತೆ, ಅವಳ ದೂರದ ಕಡೆಯ ಒಬ್ಬ ಹೆಂಡತಿ ಸತ್ತವನು ಇದ್ದಾನೆ, ಬೋಳುತಲೆ, ಮೂರು ಮಕ್ಕಳು, ನನ್ನನ್ನು ಕಟ್ಟಿಕೊಂಡರೆ ಕೆಲಸದವಳ ಖರ್ಚು ಉಳಿಯುತ್ತದೆ ಅಂತ ಲೆಕ್ಕ, ಥೂ. ಆಗ ಅಣ್ಣ ಊಟದ ಮುಂದೆ ಕೂತಿದ್ದ, ತಲೆ ಎತ್ತದೆ ಅಂದ, ಅವಳ ಪಾಡಿಗೆ ಅವಳನ್ನ ಬಿಡು, ಅಷ್ಟೇ ಅಂದ, ಅಷ್ಟು ಸಾಕಾಯಿತು ನನಗೆ, ಆ ಮನೆಯಲ್ಲಿ ನನ್ನ ಕಡೆಗೆ ಬಂದ ಒಂದೇ ಒಂದು ಮಾತು.

ಅಣ್ಣನನ್ನು ಮಾತ್ರ ಏನೂ ಅನ್ನಬಾರದು. ಗಂಡ ಹೋದ ಮೇಲೆ ಗಂಡನ ಮನೆಯವರು ಚೀಲ ಹೊರಗಿಟ್ಟಾಗ ಬಂದು ಚೀಲ ಎತ್ತಿಕೊಂಡವನು ಅವನು, ಗೇಟು ಕಿಟಕಿ ಮಾಡುವ ಅವನ ಶೆಡ್ಡಿನಲ್ಲಿ ಮೂಲೆಗೆ ಕೂತು ಅಳುತ್ತಿದ್ದವಳ ಕೈಗೆ ವೆಲ್ಡಿಂಗ್ ರಾಡು ಸಿಕ್ಕಿಸಿದ ಹೋಲ್ಡರು ಕೊಟ್ಟು, ನನ್ನ ಕೈಯ ಮೇಲೆ ತನ್ನ ಕೈ ಇಟ್ಟು, ನಿಧಾನ, ನಿಧಾನ, ಕೆಂಡದ ಕೊಳ ನೋಡು, ಬೆಳಕು ನೋಡಬೇಡ, ಅಂತ ಕಲಿಸಿದವನು ಅವನು, ವೆಲ್ಡಿಂಗ್ ಅಂದರೆ ಕಿಡಿ ಅಂತ ಜನ ಅಂದುಕೊಂಡಿದ್ದಾರೆ, ಅಲ್ಲ, ಹೆಲ್ಮೆಟ್ಟಿನ ಆ ಕಡುಗಪ್ಪು ಗಾಜಿನ ಹಿಂದೆ ಒಂದು ಚಿಕ್ಕ ಕೊಳ ಇರುತ್ತದೆ, ಅದನ್ನು ದಡ ದಾಟದ ಹಾಗೆ ನಡೆಸಿಕೊಂಡು ಹೋಗಬೇಕು, ಅಷ್ಟು ಹೊತ್ತು ಈ ಲೋಕದಲ್ಲಿ ಅತ್ತಿಗೆ ಇಲ್ಲ, ಟೈ ಇಲ್ಲ, ಬೋಳುತಲೆ ಇಲ್ಲ, ಅದಕ್ಕೇ ನನಗೆ ಅದು ಹಿಡಿಸಿತು. ವರ್ಷ ತುಂಬುವುದರೊಳಗೆ ಅಣ್ಣನ ಕೈಗಿಂತ ನನ್ನ ಕೈ ನೆಟ್ಟಗಾಯಿತು, ಅವನ ಕಣ್ಣಿಗೆ ಪೊರೆ ಬರುತ್ತಿತ್ತು, ಆಪರೇಷನ್ ಅಂದರೆ ಹೆದರಿಕೆ, ಇವತ್ತು ನಾಳೆ ಅನ್ನುತ್ತಾನೆ, ಗೆರೆ ಸೊಟ್ಟಗೆ ಹೋಗುತ್ತದೆ, ಗಿರಾಕಿಗಳು ಬಳ್ಳಿಯ ಹಾಗೆ ಸುತ್ತಿದ ಮೆಟ್ಟಿಲ ಕಂಬಿ ನೋಡಿ ಯಾರು ಮಾಡಿದ್ದು ಅಂದರೆ ನಮ್ಮ ಶೆಡ್ಡಿನ ಕೆಲಸ ಅನ್ನುತ್ತಾನೆ, ನಾನು ಹಿಂದೆ ಹೆಲ್ಮೆಟ್ಟಿನೊಳಗೆ ನಗುತ್ತೇನೆ, ಹೇಳಿಕೊಳ್ಳಲಿ ಬಿಡು, ಅವನ ಶೆಡ್ಡೇ ತಾನೇ. ಕಾರ್ಖಾನೆಗೆ ಹೋಗ್ತೀನಿ ಅಂದಾಗ ಕೈಯಲ್ಲಿದ್ದ ಸುತ್ತಿಗೆಯನ್ನು ಒಂದು ಕಡೆ ಇಟ್ಟು, ಮತ್ತೆ ಎತ್ತಿ ಇನ್ನೊಂದು ಕಡೆ ಇಟ್ಟು, ನಿನ್ನ ಇಷ್ಟ ಕಣೆ, ನಾನ್ಯಾಕೆ ತಡೀಲಿ ಅಂದ. ಎರಡನೇ ಸಲದ ಪರೀಕ್ಷೆಗೆ ರಾಡು, ಕರಗಿ ಬೆಸುಗೆಯಾಗುವ ಕಡ್ಡಿ, ತಂದುಕೊಟ್ಟವನೂ ಅವನೇ, ಆಗ ಅವರವರ ರಾಡು ಅವರವರೇ ತರಬೇಕಿತ್ತು, ಗೇಟಿಗೆ ಹಾಕುವ ರಾಡು ನಡೆಯುವುದಿಲ್ಲ, ಬಾಯ್ಲರಿಗೆ ಬೇರೆ ಜಾತಿಯ ರಾಡು, ಅಣ್ಣನೇ ಪೇಟೆಯೆಲ್ಲ ಸುತ್ತಿ ಪ್ಯಾಕೆಟ್ಟು ತಂದ, ಪರೀಕ್ಷೆಗೆ ತಿಂಗಳು ಮೊದಲೇ ತಂದು ಶೆಡ್ಡಿನಲ್ಲಿಟ್ಟ. ಬೆಸೆದೆ, ಕೈ ನಡುಗಲಿಲ್ಲ, ನೀರು ಮುಟ್ಟಲಿಲ್ಲ, ಪ್ಲೇಟು ತಾನಾಗಿ ತಣ್ಣಗಾಗುವವರೆಗೆ ಹೆತ್ತ ತಾಯಿ ಕೂತ ಹಾಗೆ ಪಕ್ಕದಲ್ಲಿ ಕೂತಿದ್ದೆ, ಬಗ್ಗಿಸಿದ, ಪಟ್ಟಿಯ ಬೆನ್ನ ಮೇಲೆ ಬೆಸುಗೆ ಬಾಯಿ ಬಿಟ್ಟಿತು, ಒಳಗೆಲ್ಲ ಸೂಜಿ ಚುಚ್ಚಿದ ಹಾಗೆ ತೂತು, ನಾಲ್ಕಕ್ಕೆ ನಾಲ್ಕೂ ಹಾಗೇ, ನಿನ್ನ ಬೆಸುಗೆ ಜರಡಿ ಅಂದ ಗಂಟುಮೋರೆ, ಮುಂದಿನವರು ಬನ್ನಿ ಅಂದ.

ಜರಡಿ, ಆ ಮಾತು ಒಂದು ವರ್ಷ ನನ್ನ ತಲೆಯೊಳಗೆ ಕೂತು ಬಾಡಿಗೆ ಕೊಡದೆ ಬದುಕಿತು, ಯಾಕೆ ಜರಡಿ, ಕೈಯಲ್ಲಿ ಏನೋ ದೋಷ ಇರಬೇಕು, ಉಸಿರು ಹಿಡಿಯುವುದು ತಪ್ಪಿರಬೇಕು, ರಾಡು ದೂರ ಹಿಡಿದಿರಬೇಕು, ಗಂಡಸರು ಊಟಕ್ಕೆ ಕೂತ ಹೊತ್ತಿಗೆ ನಾನು ಊಟ ಬಿಟ್ಟು ಗುಜರಿ ಪ್ಲೇಟು ಎಳೆದುಕೊಳ್ಳುತ್ತಿದ್ದೆ, ಬೆಸೆಯುವುದು, ಕೊಯ್ಯುವುದು, ಕಚ್ಚಿ ಹಿಡಿಯುವ ವೈಸಿಗೆ ಸಿಕ್ಕಿಸಿ ಸುತ್ತಿಗೆಯಲ್ಲಿ ಬಡಿದು ಬಗ್ಗಿಸುವುದು, ಒಂದು ತೂತೂ ಬರುತ್ತಿರಲಿಲ್ಲ, ಆ ದುಬಾರಿ ರಾಡು ನನಗೆಲ್ಲಿ, ಗೇಟಿನ ರಾಡಿನಲ್ಲೇ ಮಾಡುತ್ತಿದ್ದೆ, ಬೆಣ್ಣೆ ಕೊಯ್ದ ಹಾಗೆ ನಯವಾಗಿರುತ್ತಿತ್ತು, ಆದರೂ ನಂಬಿಕೆ ಬರುತ್ತಿರಲಿಲ್ಲ, ಇಲ್ಲಿ ಬರುತ್ತದೆ, ಅಲ್ಲಿ ಕೈಕೊಡುತ್ತದೆ, ಅಂದರೆ ದೋಷ ಕೈಯಲ್ಲಲ್ಲ, ನನ್ನಲ್ಲಿ, ಎದೆಯಲ್ಲಿ ಎಲ್ಲೋ, ಗಂಡಸರ ಮುಂದೆ ಕೂತರೆ ನಾನು ಜರಡಿಯಾಗುತ್ತೇನೆ, ಹೀಗೆ ಅಂದುಕೊಂಡು ಮಲಗಿದರೆ ಕಣ್ಣಿಗೆ ಮರಳು ಹೊಯ್ದ ಹಾಗೆ ಉರಿ, ಹಾಲಿನಲ್ಲಿ ಅದ್ದಿದ ಬಟ್ಟೆ ಕಣ್ಣಿಗೆ ಕಟ್ಟಿಕೊಂಡು ಬಿದ್ದುಕೊಂಡರೆ ಅತ್ತಿಗೆ ಹಾಲಿಗೂ ಗೊಣಗುತ್ತಿದ್ದಳು. ಗುಜರಿ ಖರ್ಚಾಗುತ್ತೆ ಕಣೆ ಅಂತ ಅಣ್ಣನೂ ಒಂದೆರಡು ಸಲ ಅಂದ, ಮೆಲ್ಲಗೆ, ಬೇಸರದಲ್ಲಲ್ಲ, ಯಾಕೆ ಒದ್ದಾಡ್ತೀಯ, ಇಲ್ಲೇ ಇದ್ದರೆ ಆಗಲ್ವಾ, ಇದು ನಿಂದೇ ಶೆಡ್ಡು ಅಂತ ತಿಳ್ಕೋ ಅಂದ, ನನಗೆ ಅಳು ಬಂತು, ಆದರೂ ಬಿಡಲಿಲ್ಲ, ಯಾಕೆ ಬಿಡಲಿಲ್ಲ ಅಂದರೆ ದೊಡ್ಡ ಆಸೆಯಿಂದೇನಲ್ಲ, ಹಟದಿಂದ, ಸಿಟ್ಟಿನಿಂದ, ಬೆಳಿಗ್ಗೆ ಎದ್ದ ಕೂಡಲೇ ಮೊಳೆಗೆ ನೇತುಹಾಕಿದ ಆ ತುಂಡು, ಆ ಬೋಳುತಲೆ, ಆ ಕ್ಯಾಂಟೀನು, ಒಂದೊಂದನ್ನೇ ನೆನೆಸಿಕೊಂಡು ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ, ಆ ಉರಿಯಲ್ಲೇ ಕಾಲು ನಡೆಯುತ್ತಿತ್ತು, ಒಳ್ಳೆಯ ಮನಸ್ಸಿನಿಂದ ಮೇಲೆ ಬಂದವರು ಇರಬಹುದು, ಇದ್ದರೆ ಅವರ ಕಾಲಿಗೆ ನಮಸ್ಕಾರ, ನನಗಂತೂ ದ್ವೇಷವೇ ಊಟ.

ಗರಗಸ ನಿಂತಿದೆ. ಈಗ ಅಂಚು ಉಜ್ಜುತ್ತಾನೆ, ಗ್ರೈಂಡರು ಬಂತು, ಹೌದು, ಉಜ್ಜು, ಚೆನ್ನಾಗಿ ಉಜ್ಜು — ಬೆಳಿಗ್ಗೆ ಒಳಗೆ ಹೋದಾಗ ಚೀಲ ಬಿಚ್ಚಿ ಪ್ಯಾಕೆಟ್ಟು ಮೇಜಿನ ಮೇಲಿಟ್ಟೆ, ಈ ಸಲವೂ ಅಣ್ಣ ಕೊಟ್ಟದ್ದು, ಹೊರಡುವಾಗ ನಾನೇ ಮರೆತಿದ್ದೆ, ಅವನು ಚಪ್ಪಲಿ ಹಾಕಿಕೊಳ್ಳದೆ ರಸ್ತೆವರೆಗೆ ಓಡಿಬಂದು ಕೊಟ್ಟ, ನೀಟಾಗಿ ಟೇಪು ಸುತ್ತಿ, ಇದ್ರಲ್ಲೇ ಮಾಡು, ನಮ್ಮದೇ ಒಳ್ಳೇದು ಅಂದ, ಗಂಟುಮೋರೆ ಅದನ್ನು ನೋಡಿ ಹೊರಗಿನ ರಾಡು ಈಗ ನಡೆಯಲ್ಲ, ರೂಲು ಬದಲಾಗಿದೆ, ನಮ್ಮ ಒಲೆಯಲ್ಲಿ ಬಿಸಿ ಇಟ್ಟಿರೋದನ್ನೇ ಕೊಡ್ತೀವಿ ಅಂದ, ಅಂದವನು ಸುಮ್ಮನಿರದೆ ಪ್ಯಾಕೆಟ್ಟಿನ ಟೇಪು ಕಿತ್ತ, ಮೇಲಿನ ನಾಲ್ಕಾರು ರಾಡು ಹೊಸದರ ಹಾಗಿತ್ತು, ಕೆಳಗಿನದನ್ನು ಎಳೆದು ನನ್ನ ಮೂಗಿನ ಮುಂದೆ ಹಿಡಿದ, ಬೂದು ಬಣ್ಣದ ಮೈಯ ಮೇಲೆ ಬಿಳಿ ಬೂಷ್ಟು, ಹಳೆಯ ಬ್ರೆಡ್ಡಿನ ಮೇಲೆ ಬರುತ್ತದಲ್ಲ, ಹಾಗೆ, ನಯವಾದ ಬಿಳಿ ಕೂದಲು. ತೇವ ಕುಡಿದಿದೆ, ಅಂದ, ಇದರಲ್ಲಿ ಬೆಸೆದರೆ ಒಳಗೆ ಗಾಳಿ ಗುಳ್ಳೆ ಏಳುತ್ತೆ, ಎಂಥ ಕೈಯಾದ್ರೂ ಅಷ್ಟೇ, ಹೋದ ಸಲ ನಿನ್ನ ಪಟ್ಟಿ ನೋಡಿದಾಗಲೇ ಅಂದುಕೊಂಡೆ, ತೇವದ ರಾಡು ಅಂತ. ಅಂದುಕೊಂಡಿದ್ರೆ ಹೇಳಬಾರದಿತ್ತಾ ಸಾರ್ ಅಂದೆ, ಒಂದು ವರ್ಷ ಸಾರ್, ಅಂದೆ. ನೀನು ಕೇಳಿದ್ಯೇನಮ್ಮ, ಅಂದ, ಫೇಲು ಅಂದ ಕೂಡಲೇ ನನ್ನ ನುಂಗೋ ಹಾಗೆ ನೋಡಿ ಎದ್ದು ಹೋದೆ, ನಾನು ಪರೀಕ್ಷೆ ಮಾಡೋನು, ಪಾಠ ಹೇಳೋನಲ್ಲ, ಅಂದು ಆ ಪ್ಯಾಕೆಟ್ಟನ್ನು ಗುಜರಿ ಡಬ್ಬಿಗೆ ಎಸೆದ.

ಆಗ ಯೋಚನೆ ಮಾಡಲು ಬಿಡುವಿರಲಿಲ್ಲ, ಬಿಸಿ ರಾಡು ಕೈಗೆ ಕೊಟ್ಟ, ಕೂತೆ, ಕೊಳ ನೋಡಿದೆ, ಬೆಳಕು ನೋಡಲಿಲ್ಲ, ಮುಗಿಸಿದೆ, ಈಗ ಈ ಹಾಳು ಬೆಂಚಿನ ಮೇಲೆ ಕೂತರೆ ಅದೇ ಬರುತ್ತದೆ, ಬಿಳಿ ಬೂಷ್ಟು, ತೇವದ ರಾಡು ಅಂದರೇನು ಅಂತ ನನಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ಪರೀಕ್ಷೆಗೆಂದು ಸೇರಿದ್ದ ಸಂಜೆ ಕ್ಲಾಸಿನಲ್ಲಿ ಹೇಳಿದ್ದರು, ಆದರೆ ಹೋದ ಸಲ ನಾನು ರಾಡು ನೋಡಿಯೇ ಹೋಲ್ಡರಿಗೆ ಸಿಕ್ಕಿಸಿದ್ದೆ, ಒಂದರ ಮೇಲೂ ಬೂಷ್ಟು ಇರಲಿಲ್ಲ, ಎಲ್ಲ ಹೊಸದರ ಹಾಗಿತ್ತು — ಹೊಸದರ ಹಾಗೆ ಯಾಕಿತ್ತು ಅಂದರೆ ಅಣ್ಣ ಒರೆಸಿದ್ದ. ಹೌದು, ಆ ದಿನ ಬೆಳಿಗ್ಗೆ, ಶೆಡ್ಡಿನ ಮುಂದೆ, ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂತು, ತೊಡೆಯ ಮೇಲೆ ಪ್ಯಾಕೆಟ್ಟು ಬಿಚ್ಚಿಟ್ಟುಕೊಂಡು, ಅಂಗಿಯ ಚುಂಗಿನಲ್ಲಿ ಒಂದೊಂದೇ ರಾಡು ಒರೆಸುತ್ತಿದ್ದ, ಒರೆಸಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಮತ್ತೆ ಒರೆಸುತ್ತಿದ್ದ, ಏನಣ್ಣಾ ಅಂದೆ, ಧೂಳು ಕಣೆ ಅಂದ, ನಾನು ಬಾಗಿಲಲ್ಲಿ ನಿಂತು ನೋಡುತ್ತ ಕರಗಿಹೋದೆ, ತಾನು ಉಂಡ ತಟ್ಟೆ ಎತ್ತಿಡದವನು ನನ್ನ ರಾಡು ಒರೆಸುತ್ತಿದ್ದಾನೆ ಅಂತ ಕಣ್ಣು ತುಂಬಿ ಬಂತು. ಧೂಳು ಅಂತಲೇ ತಿಳಿದಿರಬೇಕು, ಪಾಪ, ಅವನಿಗೇನು ಗೊತ್ತು, ಹುಟ್ಟಿದಾಗಿನಿಂದ ಗೇಟಿನ ರಾಡು ಹಿಡಿದವನು, ಗೇಟಿನ ರಾಡು ಮಳೆಯಲ್ಲಿ ಬಿದ್ದಿದ್ದರೂ ಉರಿಯುತ್ತದೆ, ಈ ಬೇರೆ ಜಾತಿಯ ಮರ್ಜಿ ಅವನಿಗೆ ಹೇಗೆ ತಿಳಿಯಬೇಕು, ಪ್ಯಾಕೆಟ್ಟನ್ನು ನಲ್ಲಿಯ ಪಕ್ಕದ ಗೂಡಿನಲ್ಲಿಟ್ಟಿದ್ದ, ಜಾಗ ಇಲ್ಲದೆ ಇಟ್ಟಿರಬೇಕು, ಕಣ್ಣು ಕಾಣದವನು, ಈ ಸಲ ಮೇಲಿನ ನಾಲ್ಕಾರು ಒರೆಸಿ ಕೆಳಗಿನದು ಕಾಣದೆ ಬಿಟ್ಟಿದ್ದಾನೆ, ಗುಟ್ಟಾಗಿ ಮಾಡುವವನು ಹೀಗೆ ಬಿಡುತ್ತಾನೆಯೇ, ಛೆ, ಗುಟ್ಟು ಅನ್ನುವ ಮಾತು ನನ್ನ ತಲೆಗೆ ಬಂದದ್ದಾದರೂ ಹೇಗೆ, ಗಂಟುಮೋರೆಯ ಬಾಯಿಂದ ಬಂದ ವಿಷ ಇದು, ಊಟ ಹಾಕಿದವನ ಮೇಲೆ ಹುಳ ಬಿಟ್ಟುಕೊಳ್ಳುತ್ತಿದ್ದೇನೆ, ನನ್ನ ನಾಲಿಗೆ ಬಿದ್ದುಹೋಗಲಿ, ಧೂಳು ಅಂದ, ಧೂಳೇ.

ಬಾಗಿಲು ತೆಗೆಯಿತು, ಬಾಮ್ಮ ಅಂದ. ಎದ್ದಾಗ ಬೆಂಚು ಇನ್ನೊಂದು ಕಡೆಗೆ ವಾಲಿ ದಡೂತಿ ಬೀಳುವಂತಾದ, ಒಳ್ಳೆಯದಾಯಿತು, ಒಳಗೆ ಎಣ್ಣೆಯ ವಾಸನೆ, ಸುಟ್ಟ ಕಬ್ಬಿಣದ ವಾಸನೆ, ಮೇಜಿನ ಮೇಲೆ ನನ್ನ ನಾಲ್ಕು ಪಟ್ಟಿ, ಬಿಸ್ಕತ್ತಿನ ಹಾಗೆ ಒಂದೇ ಅಳತೆ, ಅವನು ಮೊದಲನೆಯದನ್ನು ಯಂತ್ರದ ಎರಡು ಉರುಳೆಯ ಮೇಲೆ ಮಲಗಿಸಿ, ಹಿಡಿ ಒತ್ತಿದ, ಮೇಲಿನಿಂದ ದಪ್ಪ ಕಬ್ಬಿಣದ ಬೆರಳು ಇಳಿಯಿತು, ನಿಧಾನ, ಎಷ್ಟು ನಿಧಾನ, ಪಟ್ಟಿ ಕುಗ್ಗಿತು, ಬೆಸುಗೆ ಇದ್ದ ಕಡೆ ಕಿಟ್ಟ ಉದುರಿತು, ನನ್ನ ಬೆನ್ನಿನ ಮೂಳೆಯೇ ಬಗ್ಗುತ್ತಿದೆ ಅನ್ನಿಸಿತು, ಅವನು ಹೊರಗೆ ತೆಗೆದು ಬೆರಳಲ್ಲಿ ಸವರಿ ಕೆಳಗಿಟ್ಟ, ಎರಡನೆಯದು, ಅದೂ ಲಾಳ, ಮೂರನೆಯದಕ್ಕೆ ಟಿಣ್ ಅಂತ ಒಂದು ಸದ್ದು ಬಂತು, ನೋಡಿದರೆ ಯಂತ್ರದ ಪಿನ್ನು ಜಾರಿದ ಸದ್ದು, ಅವನು ನನ್ನ ಮುಖ ನೋಡಿ ಮೊದಲ ಸಲ ತುಟಿ ಅಲ್ಲಾಡಿಸಿದ, ಅದನ್ನು ನಗು ಅನ್ನುವುದಾದರೆ ನಗು, ನಾಲ್ಕನೆಯದರ ಅಂಚಿನಲ್ಲಿ ಒಂದು ಸಣ್ಣ ಬಿರುಕು ಕಂಡಿತು, ಕೂದಲ ಹಾಗೆ, ಅವನು ಕನ್ನಡಕ ಹಣೆಗೇರಿಸಿ ಅಳತೆ ಕಡ್ಡಿ ಇಟ್ಟು ನೋಡಿದ, ನಾನು ಅಳತೆ ಕಡ್ಡಿ ನೋಡಲಿಲ್ಲ, ಅವನ ಹುಬ್ಬು ನೋಡಿದೆ, ಆ ಗಂಟು ಒಂದು ಎಳೆ ಸಡಿಲವಾಯಿತೇ, ಇಲ್ಲವೇ, ಇಷ್ಟು ನಡೆಯುತ್ತೆ, ಅಂದ, ಅಂಚಿನದು ಲೆಕ್ಕಕ್ಕಿಲ್ಲ, ಪಾಸು. ಪಾಸು, ಮತ್ತೆ ಹೇಳು ಅನ್ನಬೇಕು ಅನ್ನಿಸಿತು, ಅವನು ಹೇಳುವವನಲ್ಲ, ಸೀಲು ಒತ್ತಿ, ಬಾಗಿಲಾಚೆಯ ಮೊಳೆಯ ಕಡೆ ಗಲ್ಲ ತೋರಿಸಿ, ಬೇಕಾದ್ರೆ ಅದನ್ನ ತಗೊಂಡು ಹೋಗಮ್ಮ ಅಂದ, ಇರಲಿ ಸಾರ್, ತೂಗಿಸೋಕೆ ಜನ ಇದ್ದಾರೆ ಅಂದೆ, ಹೊರಗೆ ಬಂದರೆ ದಡೂತಿ ಏನಾಯ್ತಕ್ಕಾ ಅಂದ, ನಿಮ್ಮ ಚಿಕ್ಕಪ್ಪನ ಮಗಳಿಗೆ ಹೇಳು ಅಂದು ಮೆಟ್ಟಿಲಿಳಿದೆ. ಬಿಸಿಲು ಮುಖಕ್ಕೆ ಹೊಡೆಯಿತು, ಕಾಲು ನೆಲಕ್ಕೆ ತಾಗುತ್ತಿಲ್ಲ ಅನ್ನುತ್ತಾರಲ್ಲ, ಸುಳ್ಳು, ಚೆನ್ನಾಗಿಯೇ ತಾಗುತ್ತಿತ್ತು, ಒಂದೊಂದು ಹೆಜ್ಜೆಯೂ ಯಾರನ್ನೋ ತುಳಿದ ಹಾಗೆ ತಾಗುತ್ತಿತ್ತು, ಆಫೀಸು ಮುಚ್ಚಲು ಇನ್ನೂ ಹೊತ್ತಿದೆ, ಕಾರ್ಖಾನೆಯ ಬಸ್ಸು ಎದುರು ಬದಿಗೆ ಬರುತ್ತದೆ, ಟೈ ಕಟ್ಟಿದವನು ಈ ಸಲ ಮೀಟಿಂಗಿನಲ್ಲಿದ್ದರೆ ಗಾಜು ತಟ್ಟುತ್ತೇನೆ, ಒಡೆದರೂ ಸರಿ. ಮೊದಲು ಅಣ್ಣನಿಗೆ ಹೇಳಬೇಕು ಅಂದುಕೊಂಡು ಫೋನು ತೆಗೆಯುವಷ್ಟರಲ್ಲಿ ಫೋನು ತಾನೇ ಅದುರಿತು, ಅವನೇ, ನೋಡು, ಶೆಡ್ಡಿನಲ್ಲಿ ಕೆಲಸಕ್ಕೆ ಕೈ ಹತ್ತಿರಲಿಕ್ಕಿಲ್ಲ, ನನ್ನದೇ ಯೋಚನೆಯಲ್ಲಿ ಕೂತಿದ್ದಾನೆ, ಧೂಳು ಅಂದವನ ಮೇಲೆ ಎಂಥ ಪಾಪದ ಯೋಚನೆ ಮಾಡಿದೆ ನಾನು.

ಪಾಸಾದೆ ಅಣ್ಣಾ, ಅಂದೆ, ನಾಲ್ಕೂ ಬಗ್ಗಿತು, ಅಂದೆ, ದನಿ ನನ್ನದೇ ಅನ್ನಿಸಲಿಲ್ಲ, ಚಿಕ್ಕವಳಿದ್ದಾಗ ಅವನ ಹೆಗಲೇರಿ ಕೂಗುತ್ತಿದ್ದ ದನಿ, ಆ ಕಡೆ ಶೆಡ್ಡಿನ ಸದ್ದು, ಯಾರೋ ಪೈಪು ಕೊಯ್ಯುತ್ತಿದ್ದಾರೆ, ಅಣ್ಣಾ ಕೇಳಿಸ್ತಾ ಅಂದೆ, ಪೈಪು ಕೊಯ್ಯುವ ಸದ್ದು ನಿಂತಿತು, ಅವನೇ ಕೈ ಮಾಡಿ ನಿಲ್ಲಿಸಿರಬೇಕು, ಅವನ ಉಸಿರು ಕೇಳಿತು, ಆಮೇಲೆ ಅವನು ಕೇಳಿದ, ಮೆಲ್ಲಗೆ, ಪಕ್ಕದಲ್ಲಿರುವವರಿಗೆ ಕೇಳಬಾರದು ಅನ್ನುವ ಹಾಗೆ.

ಯಾವ ರಾಡಲ್ಲಿ ಮಾಡಿದೆ, ಅಂದ.

ಬಸ್ಸು ಬಂತು, ಎದುರು ಬದಿಗೆ ನಿಂತಿತು, ಜನ ಹತ್ತುತ್ತಿದ್ದಾರೆ, ಹತ್ತಬೇಕು, ಹತ್ತುತ್ತೇನೆ, ಹತ್ತಿಯೇ ಹತ್ತುತ್ತೇನೆ, ಫೋನು ಕಿವಿಯಲ್ಲಿದೆ, ಹಲೋ ಅನ್ನುತ್ತಿದ್ದಾನೆ, ಪುಟ್ಟೀ ಅನ್ನುತ್ತಿದ್ದಾನೆ, ಯಾವ ರಾಡಲ್ಲಿ ಅಂತ, ಪಾಸಾದೆ ಅಂದರೆ ಯಾವ ರಾಡಲ್ಲಿ ಅಂತ, ರಸ್ತೆ ದಾಟುತ್ತಿದ್ದೇನೆ, ಹಾರನ್ನು ಹೊಡೆಯುತ್ತಿದ್ದಾರೆ, ಹೊಡೆಯಲಿ, ಡ್ರಮ್ಮಿನ ಮೇಲೆ ಕೂತಿದ್ದಾನೆ, ಬಿಸಿಲಿಗೆ ಬೆನ್ನು ಹಾಕಿ, ಪೊರೆ ಬಂದ ಕಣ್ಣು ಕಿರಿದು ಮಾಡಿ, ಅಂಗಿಯ ಚುಂಗು ಹಿಡಿದು ಒರೆಸುತ್ತಿದ್ದಾನೆ, ತುದಿಯಿಂದ ತುದಿಗೆ, ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾನೆ, ಎಲ್ಲೋ ಒಂದಿಷ್ಟು ಬಿಳಿ ಉಳಿದಿದೆ, ಮತ್ತೆ ಒರೆಸುತ್ತಾನೆ, ಪಕ್ಕಕ್ಕಿಡುತ್ತಾನೆ, ಇನ್ನೊಂದು ತೆಗೆಯುತ್ತಾನೆ, ಒರೆಸುತ್ತಾನೆ —